ಅಖಾಡದಲ್ಲಿ ನಡೆದ ರಸ್ತೆ ಸಭೆ

ಬಾಸಿಲಿಯಾ,

ಇವತ್ತು ರಸ್ತೆಯ ಸಭೆ ಗೂಳಿಕಾಳಗದ ಅಖಾಡದಲ್ಲೇ ನಡೆಯಿತು. ಮೂರು ವರ್ಷದ ಹಿಂದೆ, ಸರ್ಕಾರದ ದುಡ್ಡಲ್ಲಿ ರಸ್ತೆಯೋ ಅಖಾಡವೋ ಎಂದು ಊರವರನ್ನು ಕೇಳಿದಾಗ ರಸ್ತೆ ಅನ್ನು ಅಂತ ನೀನು ನನ್ನ ಪೊಂಚೋ ಹೊದಿಕೆ ಜಗ್ಗಿದ್ದೆ. ಆ ವರ್ಷ ಗೂಳಿ ಕಾದಾಡಿಸೋ ಊರಹಬ್ಬದ ಯಜಮಾನಿಕೆ ನನ್ನದಲ್ಲವೇ, ಅಖಾಡಕ್ಕೆ ಕೈ ಎತ್ತಿದೆ. ಗಟ್ಟಿಯಾಗಿ ಕಟ್ಟಿದ್ದಾರೆ. ಒಂದು ಕಲ್ಲೂ ಅಲುಗಾಡಿಲ್ಲ.

ಪೇಟೆಯಿಂದ ಬಂದ ಎಂಜಿನಿಯರಮ್ಮ ನೀವು ಹೆಂಗಸರು ರಸ್ತೆ ಕೇಳಿ ಬರೆದಿದ್ದ ಹಳೇ ಅರ್ಜಿ ಬಿಚ್ಚಿದರು. "ಸಹಿ ಹಾಕಿದ ಐವತ್ತು ಜನಾನೂ ಊರಲ್ಲಿದ್ರೆ ಈ ವರ್ಷವೇ ದುಡ್ಡು. ಇಲ್ಲಾಂದ್ರೆ ಮತ್ತೆ ಮೊದಲಿಂದ."

ನಲವತ್ತೊಂಬತ್ತು ಹೆಸರು ಮುಗಿಯಿತು.

"ಬಾಸಿಲಿಯಾ ಚೋಕೆ?"

ಊರ ಮುಖಂಡ ತೆಯೋಫಿಲೋ, ಬಾಯಲ್ಲಿದ್ದ ಕೋಕಾ ಎಲೆ ಅಗಿಯುವುದನ್ನು ನಿಲ್ಲಿಸಿ ಪಿಸುಗುಟ್ಟಿದ: "ಹೇಳೋ ಮಾರಾಯ, ನಿನ್ ಹೆಂಡ್ತಿ ಹೆಸರು, ನಿನ್ ಕೈಲಿದೆ."

"ಮನೇಲಿದಾಳೆ," ಅಂದೆ.

"ರಸ್ತೆ ಯಾಕೆ ಬೇಕಂತೆ? ಇಲ್ಲಿ ಬರ್ದಿಲ್ಲ."

"ಹೆರಿಗೆಗೆ. ಆಸ್ಪತ್ರೆಗೆ ಹೋಗೋಕೆ."

ಎಂಜಿನಿಯರಮ್ಮ ಬರೆದುಕೊಂಡು, ಮುಖ ಅರಳಿಸಿ ಕೇಳಿದರು: "ಒಳ್ಳೇದಾಗ್ಲಿ! ಎಷ್ಟು ತಿಂಗಳು?"

ನೋವು ಬಂದ ಅವತ್ತು ನಿನ್ನನ್ನು ಕಂಬಳಿಯಲ್ಲಿ ಹೊತ್ತು ಬೆಟ್ಟ ಇಳಿದು, ಅರ್ಧದಾರಿಯಿಂದ ಮುಖ ಮುಚ್ಚಿ ವಾಪಸ್ ತಂದಿದ್ದ ನಾಲ್ವರೂ ಎದುರಿನ ಮೆಟ್ಟಿಲ ಮೇಲೇ ಕೂತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ.

"ಒಂಬತ್ತು," ಅಂದೆ.