ಭೀಮತಾಲದ ಕೆರೆಗೆ ಇಳಿತವಿಲ್ಲ

ಭೀಮತಾಲ, ೧೪-೬-೨೦೦೪

ತಮ್ಮ ಬೀರಪ್ಪನಿಗೆ ಅಕ್ಕನ ಆಶೀರ್ವಾದ.

"ಅಕ್ಕಾ, ನಿನಗೆ ವಯಸ್ಸಾಯಿತು, ಹೊಳೆಗೆ ಇಳಿದದ್ದು ಸಾಕು, ನಿನ್ನ ದೋಣಿಯನ್ನು ದೇವರಾಜನಿಗೆ ಮಾರುತ್ತೇನೆ" ಎಂದೆಯಲ್ಲ. ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ, ಅದಕ್ಕೇ ಈ ಕಾರ್ಡು.

ನಿನ್ನೆ ಇಲ್ಲಿಯ ಬೆಟ್ಟದ ಕೆರೆಯಲ್ಲಿ ಕಯಾಕ್ ಎಂಬ ಸಪೂರ ಪ್ಲಾಸ್ಟಿಕ್ ದೋಣಿಗೆ ಹುಟ್ಟು ಹಾಕಿದೆ. ಮುಂದೆ ಮಗಳು ಸಂಗೀತಾ, ಹಿಂದೆ ನಾನು. ಒಳ್ಳೆಯ ಬಿಸಿಲಿತ್ತು. ಆಚೆ ದಡ ಮುಟ್ಟಿದ ಮೇಲೆ ಹುಟ್ಟನ್ನು ಮಡಿಲಲ್ಲಿಟ್ಟು ಸುಮ್ಮನೆ ಕೂತೆ.

"ಎಂತಕೆ ಕೂತ್ಕಂಡೆ ಆಯಿ?"

"ಉಬ್ಬರ ಮುಗ್ದು ಇಳಿತ ಶುರುವಾಗ್ಲಿ. ನೀರೇ ಎಳ್ಕಂಡು ಹೋಗ್ತದೆ."

"ಇದೆಂತ ಶರಾವತಿ ಹೊಳೆಯಾ? ಕೆರೆ ಇದು! ಸಮುದ್ರ ಎಲ್ಲದೆ ಇಲ್ಲಿ?"

ಅವಳು ನಕ್ಕು ಮುಗಿಸುವಷ್ಟರಲ್ಲಿ ಮೋಡ ಕವಿದು ಎದುರುಗಾಳಿ ಎದ್ದಿತು, ಆಲಿಕಲ್ಲು ಬಿತ್ತು. ದಡ ಹತ್ತಿ ಜೀಪಿನಲ್ಲಿ ಹೋಗೋಣ ಎಂದಳು. "ಬೇಕಾರೆ ನೀ ಹತ್ತು, ನಾ ದೋಣಿಯಲ್ಲೇ ಬತ್ತೆ" ಎಂದೆ. ಹೆದರಿದ್ದಳು, ಆದರೂ ನನ್ನನ್ನು ಬಿಟ್ಟು ಇಳಿಯಲಿಲ್ಲ. ಸೆರಗು ಸೊಂಟಕ್ಕೆ ಬಿಗಿದು, ಬರೀ ತೋಳಿನ ಬಲದಲ್ಲಿ ದೋಣಿಯನ್ನು ಈಚೆ ದಡಕ್ಕೆ ತಂದೆ. ದೋಣಿ ಬಾಡಿಗೆ ಕೊಟ್ಟವನು ಹಿಂದಿಯಲ್ಲಿ ಬೈದ, ನಾನು ನಮ್ಮ ಮಾತಿನಲ್ಲೇ ತಿರುಗಿ ಬೈದೆ. ಆಮೇಲೆ ಅವನೇ ಚಹಾ ತರಿಸಿಕೊಟ್ಟ.

ಬಲಭುಜ ನೋಯುತ್ತಿದೆ, ಎಣ್ಣೆ ತಿಕ್ಕಿಸಿಕೊಂಡಿದ್ದೇನೆ. ಜ್ವರ ಗಿರ ಇಲ್ಲ.

ದೋಣಿ ಮಾರುವುದಿಲ್ಲ ಎಂದು ದೇವರಾಜನಿಗೆ ಇವತ್ತೇ ಹೇಳು. ಮರ ಕೊಳೆಯದ ಹಾಗೆ ಅದಕ್ಕೆ ಗೇರೆಣ್ಣೆ ಬಳಿದು ಮಾಡಿನ ಕೆಳಗೆ ಎಳೆದಿಡು. ಮಳೆ ಹೋದ ಮೇಲೆ ನಾನೇ ಹೊಳೆಗೆ ಇಳಿಸುತ್ತೇನೆ. ನಿನಗೆ ಹೆದರಿಕೆಯಾದರೆ ದಡದಲ್ಲಿ ನಿಂತು ನೋಡು.

ಕಾರ್ಡು ತುಂಬಿತು.
ಅಕ್ಕ ಮಾಸ್ತಮ್ಮ