ಹದಿನಾಲ್ಕನೇ ಟೆಂಟಿನವಳು

ಮಂಗಳವಾರ, ಹದಿನೆಂಟನೇ ತಾರೀಖು
ಬೆಳಿಗ್ಗೆ ಹತ್ತು ಗಂಟೆ

ಅಮ್ಮಾ,

ನಾನು ಕ್ಷೇಮ. ನಿನ್ನ ಕ್ಷೇಮ ಕೇಳಿ ಬರೆಯಬೇಕಾಗಿಲ್ಲ, ನಿನ್ನೆ ಬೆಳಗಿನವರೆಗೆ ಕಣ್ಣಾರೆ ನೋಡಿದ್ದೇನೆ. ಮೂರು ದಿನ ನಿನ್ನನ್ನು ‘ನೀವು’ ಎಂದೆ. ಕಾಗದದಲ್ಲಾದರೂ ‘ನೀನು’ ಅನ್ನುತ್ತೇನೆ, ತಪ್ಪು ತಿಳಿಯಬೇಡ.

ನಾನು ಹದಿನಾಲ್ಕನೇ ಟೆಂಟಿನವಳು. ಬಿಳಿ ವ್ಯಾನಿನಲ್ಲಿ ಒಬ್ಬಳೇ ಬಂದವಳು. ಗೂಟ ಬಡಿಯಲು ಬಾರದೆ ಸುತ್ತಿಗೆ ಕೇಳಿಕೊಂಡು ಎರಡೆರಡು ಸಲ ಕೌಂಟರಿಗೆ ಬಂದಿದ್ದೆನಲ್ಲ, ಅವಳು. ನಾನು ನಿನ್ನ ಮಗಳು.

ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರದ ಮೇಲೆ ಬಗ್ಗಿದವರು ಮತ್ತೆ ತಲೆ ಎತ್ತಲಿಲ್ಲ. ಗಿರಾಕಿಯೊಬ್ಬರು ಬಹಳ ಹೊತ್ತು ಎದುರಿಗೇ ನಿಂತಿದ್ದರಂತೆ, ಕೆಲಸದಲ್ಲಿ ಮುಳುಗಿದ್ದಾರೆ ಎಂದುಕೊಂಡು. ಅಪ್ಪನ ಮೌನ ಊರಿಗೆಲ್ಲ ಗೊತ್ತಿತ್ತಲ್ಲ. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಗಡಿಯಾರಗಳು ಮಾತ್ರ.

ಎಲ್ಲ ಮುಗಿದ ವಾರಕ್ಕೆ ಸೋದರತ್ತೆ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು. “ನಿಮ್ಮಮ್ಮ ಯಾವುದೋ ಕಾಡಿನ ಪಾರ್ಕಲ್ಲಿ ಕೆಲಸಕ್ಕಿದ್ದಾಳಂತೆ ಕಣೇ. ನಮ್ಮೋರೊಬ್ರು ನೋಡಿದ್ರಂತೆ. ನಿಮ್ಮಪ್ಪ ಇರೋ ತನಕ ಬಾಯಿಬಿಡಬಾರ್ದು ಅಂತಿದ್ದೆ” ಎಂದಳು. ಯಾವ ಪಾರ್ಕು ಎಂದರೆ, “ಅದೆಲ್ಲ ನಂಗೇನು ಗೊತ್ತು, ಹೆದ್ದಾರಿ ಪಕ್ಕದ್ದಂತೆ” ಎಂದು ಕೈತೊಳೆದುಕೊಂಡಳು.

ನಮ್ಮ ಹೆದ್ದಾರಿಯ ಉದ್ದಕ್ಕೆ ರಾಷ್ಟ್ರೀಯ ಉದ್ಯಾನಗಳು ನಾಲ್ಕು. ಯಾರ ಹತ್ತಿರವೂ ನಿನ್ನ ವಿಷಯ ಹೇಳಲಿಲ್ಲ, ಸುತ್ತಾಡಲು ಹೋಗುತ್ತೇನೆ ಎಂದೆ. ನಾನು ಕೆಲಸ ಮಾಡುವುದು ಹಲ್ಲು ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ. ಯಜಮಾನರು ಕನ್ನಡಕದ ಮೇಲಿಂದ ನೋಡಿ, “ಜ್ವರ ಬಂದಾಗ್ಲೂ ರಜೆ ಕೇಳಿದವಳಲ್ಲ, ಈಗ ಒಬ್ಬಳೇ ಕಾಡಲ್ಲಿ ಮಲಗ್ತೀಯಾ? ಕರಡಿ ಬಂದ್ರೆ?” ಎಂದರು. “ಬಂದ್ರೆ ಅದರ ಹಲ್ಲಿನ ಅಳತೆ ತಗೊಂಡು ಬರ್ತೀನಿ ಸರ್” ಎಂದೆ. ಲ್ಯಾಬಿನವರೆಲ್ಲ ನಕ್ಕರು. ನಾನೂ ನಕ್ಕೆ.

ಮೊದಲನೆಯ ಉದ್ಯಾನದಲ್ಲಿ ದೊಡ್ಡ ಕೆರೆಯಿತ್ತು. ಟೆಂಟು ನಿಲ್ಲಿಸಲು ಮಧ್ಯಾಹ್ನವೆಲ್ಲ ಹಿಡಿಯಿತು. ನಿಂತದ್ದು ಒಂದು ಗಾಳಿಗೆ ಸೊಂಟ ಮುರಿದುಕೊಂಡು ಮಲಗಿತು. ಎರಡು ದಿನ ಬ್ರೆಡ್ಡು, ಬೇಯಿಸಿದ ಮೊಟ್ಟೆಯಲ್ಲಿ ಕಳೆದೆ. ಬೆಳಗಿನ ಮಂಜಿನಲ್ಲಿ ಜಿಂಕೆಗಳು ನೀರಿಗೆ ಬಂದವು, ಮರಿಗಳನ್ನು ನಡುವೆ ಬಿಟ್ಟುಕೊಂಡು. ನೋಡಲು ಬಂದದ್ದು ಇದನ್ನೇ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಹೊರಡುವ ಮುಂಚೆ ಕಚೇರಿಗೆ ಹೋಗಿ, ನಿನ್ನ ವಯಸ್ಸಿನ ಹೆಂಗಸು ಯಾರಾದರೂ ಇಲ್ಲಿ ಕೆಲಸಕ್ಕಿದ್ದಾರೆಯೇ ಎಂದು ವಿಚಾರಿಸಿದೆ. ಇರಲಿಲ್ಲ.

ಎರಡನೆಯದರಲ್ಲಿ ಅದನ್ನೇ ಕೇಳಿದಾಗ ಗೇಟಿನ ಕಾವಲಿನವರ ಮುಖ ಅರಳಿತು. “ಓ, ಸೌದೆಯಮ್ಮ! ಏಳು ವರ್ಷ ಇಲ್ಲೇ ಟೆಂಟಿನವರಿಗೆ ಸೌದೆ ಕೊಡೋ ಕೌಂಟರಲ್ಲಿದ್ರು. ಈಗ ಮುಂದಿನ ಪಾರ್ಕಿಗೆ ವರ್ಗ ಆಯ್ತು. ಪುಣ್ಯವಂತೆ ರೀ ಆಕೆ. ಮಗಳು ಡಾಕ್ಟ್ರು, ಪ್ರತಿ ಭಾನುವಾರ ಫೋನ್ ಮಾಡಿ ವಿಚಾರಿಸ್ತಾಳೆ” ಎಂದರು.

ವ್ಯಾನಿನೊಳಗೆ ಕೂತು ಬಾಗಿಲು ಹಾಕಿಕೊಂಡೆ. ಇವಳು ಬೇರೆ ಯಾರೋ ಅನಿಸಿತು. ಅಥವಾ ನೀನು ಹೊಸ ಸಂಸಾರ ಕಟ್ಟಿಕೊಂಡಿರಬೇಕು, ನನಗೊಬ್ಬಳು ತಂಗಿ ಇರಬೇಕು, ಅವಳು ಚೆನ್ನಾಗಿ ಓದಿರಬೇಕು. ಊರಿಗೆ ತಿರುಗಿಬಿಡೋಣ ಎಂದುಕೊಂಡೆ. ತಿರುಗಬೇಕಾದ ಕಡೆ ಬಂದಾಗ ಕೈ ತಿರುಗಿಸಲಿಲ್ಲ, ವ್ಯಾನು ನೇರವಾಗಿ ಹೋಯಿತು.

ನಿನ್ನ ಕೌಂಟರಿನ ಮುಂದೆ ನಿಂತಾಗ ನೀನು ರಿಜಿಸ್ಟರಿನಿಂದ ತಲೆಯೆತ್ತಿ ನಕ್ಕೆ. ಮೇಲ್ಸಾಲಿನ ಮುಂದಿನ ಎರಡು ಹಲ್ಲುಗಳಲ್ಲಿ ಎಡಗಡೆಯದು ಪಕ್ಕದ್ದರ ಮೇಲೆ ತುಸು ಹತ್ತಿ ಕೂತಿತ್ತು. ಹಲ್ಲು ನೋಡಿ ಜನರನ್ನು ನೆನಪಿಡುವುದು ನನ್ನ ಕಸುಬಿನ ಚಾಳಿ. ಆ ಹಲ್ಲನ್ನಂತೂ ನಾನು ವರ್ಷಗಟ್ಟಲೆ ಕನ್ನಡಿಯಲ್ಲಿ ಕಂಡಿದ್ದೆ. ಇಪ್ಪತ್ತೆರಡು ವರ್ಷದವಳಿದ್ದಾಗ ನನ್ನದನ್ನು ತಿದ್ದಿಸಿಕೊಂಡೆ. ಬಹುಶಃ ಅದಕ್ಕೇ ನೀನು ಗುರುತು ಹಿಡಿಯಲಿಲ್ಲ.

“ಒಬ್ಬಳೇ ಬಂದಿದ್ದೀಯಲ್ಲಮ್ಮಾ, ಮನೇಲಿ ಯಾರೂ ಬೇಡ ಅನ್ನಲಿಲ್ವಾ?” ಎಂದು ನೀನು ಕೇಳಿದೆ. “ಅನ್ನೋರು ಯಾರೂ ಉಳಿದಿಲ್ಲ” ಎಂದೆ. ಆಮೇಲೆ ನೀನೇ ಸುತ್ತಿಗೆ ಹಿಡಿದು ಬಂದೆ. ಗೂಟವನ್ನು ನೆಟ್ಟಗೆ ಹೊಡೆದರೆ ಕಿತ್ತುಕೊಂಡು ಬರುತ್ತದೆ, ಹಗ್ಗಕ್ಕೆ ಬೆನ್ನುಹಾಕಿ ಓರೆಯಾಗಿ ಹೊಡೆಯಬೇಕು ಎಂದು ನನ್ನ ಕೈ ಹಿಡಿದು ತೋರಿಸಿದೆ. ನಿನ್ನ ಅಂಗೈ ಸೌದೆ ಎತ್ತಿ ಎತ್ತಿ ಮರದ ತೊಗಟೆಯಂತಾಗಿದೆ. ನಾಲ್ಕು ಗೂಟಕ್ಕೆ ನಾಲ್ಕು ಸಲ ನನ್ನ ಕೈ ಹಿಡಿದೆ. ಮೂರನೆಯದನ್ನು ನಾನು ಬೇಕೆಂದೇ ತಪ್ಪಾಗಿ ಹೊಡೆದಿದ್ದೆ.

ಎರಡನೆಯ ದಿನ ಸಂಜೆ ಕೌಂಟರಿನ ಹಿಂದಿನ ಬೆಂಚಿನಲ್ಲಿ ಚಹಾ ಕೊಟ್ಟೆಯಲ್ಲ, ಆಗ ನಾನು ಕೇಳಿದೆ, ಈ ಕಾಡಿನಲ್ಲಿ ಬೇಸರವಾಗುವುದಿಲ್ಲವೇ ಎಂದು. “ಬೇಸರಾನಾ? ದಿನಕ್ಕೆ ಐವತ್ತು ಜನ ನನ್ನ ಮಾತಾಡಿಸ್ತಾರೆ. ಸೌದೆ ಕೇಳೋಕಾದ್ರೂ ಮಾತಾಡಿಸಲೇಬೇಕಲ್ಲ” ಎಂದು ನೀನು ನಕ್ಕೆ. ನೀನು ಏಕೆ ಮನೆ ಬಿಟ್ಟು ಹೋದೆ ಎಂದು ಕೇಳಲು ಅಷ್ಟು ದೂರ ಬಂದಿದ್ದೆ. ಕೇಳುವ ಅಗತ್ಯವೇ ಉಳಿಯಲಿಲ್ಲ.

ಬೇರೊಂದು ಪ್ರಶ್ನೆ ಬಾಯಿಗೆ ಬಂತು. ಮಗಳು ಡಾಕ್ಟರಂತೆ ಹೌದೇ, ಎಂದೆ. ನಿನ್ನ ಮುಖ ಬೆಳಗಿತು. “ಹೂಂ ಕಣಮ್ಮಾ. ಹೋದ ಭಾನುವಾರ ಕೂಡ ಫೋನಲ್ಲಿ ಬೈದ್ಲು, ಚಳೀಲಿ ಸ್ವೆಟರ್ ಹಾಕ್ಕೊಳ್ಳಲ್ಲ ಅಂತ. ಚಿಕ್ಕೋಳಿದ್ದಾಗಿಂದಲೂ ಹಾಗೇ, ದೊಡ್ಡಸ್ತಿಕೆ ಜಾಸ್ತಿ. ಮನೇಲಿ ಒಂದು ಬೆಕ್ಕಿತ್ತು, ಅದು ಕನ್ನಡಕ ಹಾಕ್ಕೊಂಡ ಹಾಗೆ ಕಾಣ್ತಿತ್ತು ಅಂತ ‘ಮೇಷ್ಟ್ರೇ’ ಅಂತ ಕರೀತಿದ್ಲು. ದಿನಾ ಅದರ ಮುಂದೆ ಮಗ್ಗಿ ಒಪ್ಪಿಸ್ತಿದ್ಲು.”

ಅಮ್ಮಾ, ಆ ಬೆಕ್ಕು ನನ್ನದು.

ಲೋಟ ಕೆಳಗಿಟ್ಟೆ. ತಂಗಿ ಇರಲಿಲ್ಲ. ಸ್ವೆಟರಿಗಾಗಿ ಬೈಯುವವಳು, ಭಾನುವಾರ ಮರೆಯದವಳು, ಎಲ್ಲರೂ ನಾನೇ. ಇಪ್ಪತ್ತೆಂಟು ವರ್ಷ ನೀನು ನನ್ನನ್ನು ಬೆಳೆಸಿದ್ದೆ, ಓದಿಸಿದ್ದೆ, ನನ್ನಿಂದ ಬೈಸಿಕೊಂಡಿದ್ದೆ, ನಾನಿಲ್ಲದೆಯೇ. ಆಗಲೇ ‘ಅಮ್ಮಾ, ನಾನೇ’ ಎನ್ನಬಹುದಿತ್ತು. ಅಂದಿದ್ದರೆ ಆ ಡಾಕ್ಟರ್ ಮಗಳು ನಿನ್ನ ಕಣ್ಣೆದುರಿಗೇ ಸಾಯುತ್ತಿದ್ದಳು. ಅವಳು ಒಂದು ಭಾನುವಾರವೂ ನಿನ್ನ ಕೈಬಿಟ್ಟವಳಲ್ಲ. ಅವಳನ್ನು ಕಿತ್ತುಕೊಂಡು ಆ ಜಾಗದಲ್ಲಿ ನನ್ನನ್ನು ನಿಲ್ಲಿಸಲು ಧೈರ್ಯ ಬರಲಿಲ್ಲ. “ಅದೃಷ್ಟವಂತರು ನೀವು” ಎಂದೆ. ನೀನು ಹೌದೆಂದು ತಲೆಯಾಡಿಸಿ, ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಹೊರಗೆ ಬರಲು ಬಹಳ ಹೊತ್ತು ಮಾಡಿದೆ.

ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಅಪ್ಪ ನನಗೆ ಜಡೆ ಹಾಕುತ್ತಿದ್ದರು, ಗೊತ್ತೇ? ಗಡಿಯಾರದ ಮುಳ್ಳು ಜೋಡಿಸುವ ಬೆರಳುಗಳಿಂದ, ಒಂದು ಮಾತೂ ಆಡದೆ. ಮೊದಲ ಸಲ ಮೈನೆರೆದ ದಿನ ಒಂದು ಚೀಟಿ ಬರೆದು ಮೇಜಿನ ಮೇಲಿಟ್ಟೆ, ಅಪ್ಪ ಅದನ್ನು ಓದಿ ಅತ್ತೆಯನ್ನು ಕರೆತಂದರು. ಚೀಟಿಯಲ್ಲೇ ಬೆಳೆದೆ. ಹೋದವಳು ಒಂದೇ ಒಂದು ಸಲ ತಿರುಗಿ ಬಂದು ನೋಡಬಹುದಿತ್ತು ಎಂದು ಎಷ್ಟು ವರ್ಷ ಹಲ್ಲು ಕಚ್ಚಿದ್ದೇನೆ.

ನಿನ್ನೆ ಹೊರಡುವಾಗ ನೀನು ವ್ಯಾನಿನ ಸುತ್ತ ಒಂದು ಸಲ ಬಂದು, ಹಿಂದಿನ ಚಕ್ರವನ್ನು ಕಾಲಿನಿಂದ ಒತ್ತಿ ನೋಡಿ, “ಗಾಳಿ ಕಮ್ಮಿ ಇದೆ, ಹಾಕಿಸ್ಕೊಂಡು ಹೋಗು. ನಿಧಾನ” ಎಂದೆ. ನಾನು ಹೂಂ ಎಂದೆ. ಅಷ್ಟೇ ನಮ್ಮ ಬೀಳ್ಕೊಡುಗೆ.

ಈಗ ನಾಲ್ಕನೆಯ ಉದ್ಯಾನದಲ್ಲಿದ್ದೇನೆ. ಇಲ್ಲಿ ಹುಡುಕುವುದು ಏನೂ ಇಲ್ಲ, ಮನೆಗೆ ಹೋಗಲು ಮನಸ್ಸಾಗದೆ ಬಂದೆ. ಈ ಸಲ ಟೆಂಟು ಗಾಳಿಗೆ ಅಲುಗಲಿಲ್ಲ. ಕಲ್ಲಿನ ಮೇಜಿನ ಮುಂದೆ ಕೂತು ಬೆಳಗಿನಿಂದ ಬರೆಯುತ್ತಿದ್ದೇನೆ. ಲಕೋಟೆಯ ಹಿಂದೆ ವಿಳಾಸವಿದೆ. ಉತ್ತರ ಬರೆಯಲೇಬೇಕೆಂದು ಕೇಳುವುದಿಲ್ಲ. ಈ ಕಾಗದವನ್ನು ಒಲೆಗೆ ಹಾಕಿ, ಇದು ಬಂದೇ ಇಲ್ಲವೆಂದು ಅಂದುಕೊಂಡರೂ ಸರಿಯೇ. ಎರಡನೆಯ ಉದ್ಯಾನದ ಗೇಟಿನವರಿಗೆ ನಾನೇನೂ ಹೇಳಿಲ್ಲ, ಹೇಳುವುದೂ ಇಲ್ಲ.

ಇಂತಿ,
ಡಾಕ್ಟರಾಗದ
ನಿನ್ನ ಮಗಳು

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿದೆ. ನೀನು ಒಂದು ಸಲವೂ ಬರಲಿಲ್ಲ ಎನ್ನುವಂತೆ ಬರೆದೆ. ನೀನು ಬಂದಿದ್ದೆ. ನನಗೆ ಆಗ ಹದಿನೈದು. ಶಾಲೆ ಬಿಡುವ ಹೊತ್ತಿಗೆ ನೀನು ಗೇಟಿನ ಹತ್ತಿರ ಬಣ್ಣ ಮಾಸಿದ ಕೋಟು ಹಾಕಿಕೊಂಡು ನಿಂತಿದ್ದೆ. ನನ್ನ ಜೊತೆ ಗೆಳತಿಯರಿದ್ದರು. ನೀನು ನನ್ನ ಹೆಸರು ಹಿಡಿದು ಕರೆದೆ. ಟೀಚರ್ ಬಂದು, “ಇವರು ನಿನಗೆ ಏನಾಗ್ಬೇಕು?” ಎಂದು ಕೇಳಿದರು. ನಾನು ನಿನ್ನ ಮುಖ ನೋಡಿಕೊಂಡೇ, “ಯಾರೋ ಗೊತ್ತಿಲ್ಲ ಮಿಸ್” ಎಂದೆ. ನೀನು ತಕ್ಷಣ ಅವರಿಗೆ, “ತಪ್ಪಾಯ್ತಮ್ಮಾ, ನಮ್ಮ ಹುಡುಗಿ ಅಂದ್ಕೊಂಡೆ. ಅಲ್ಲ, ಇವಳಲ್ಲ” ಎಂದು ಹೇಳಿ ಹೊರಟುಹೋದೆ. ಇದನ್ನು ಅಪ್ಪನಿಗೆ ಹೇಳಲಿಲ್ಲ. ಅತ್ತೆಗೂ ಹೇಳಲಿಲ್ಲ. ನಿನ್ನ ಬೆಂಚಿನಲ್ಲಿ ಪಕ್ಕದಲ್ಲೇ ಕೂತಿದ್ದಾಗ ನಿನಗೂ ಹೇಳಲಾಗಲಿಲ್ಲ.