ಷೂ ಎಲ್ಲಿ ಬಿಡಬೇಕೆಂದು ಕೇಳಿದ ಪ್ರೊಫೆಸರು

ತಜ್ಞವೈದ್ಯರ ತರಬೇತಿಗೆ ಯಾವ ಆಸ್ಪತ್ರೆ ಯೋಗ್ಯವೆಂದು ತಪಾಸಣೆ ಮಾಡಿ ಮೊಹರು ಒತ್ತುವ ಸಮಿತಿಯ ಅಧ್ಯಕ್ಷರೇ,

ಮಾನ್ಯರೇ, ಕಳೆದ ತಿಂಗಳು ನಿಮ್ಮ ಸಮಿತಿ ಚೆನ್ನೈನ ಒಂದು ಖಾಸಗಿ ಆಸ್ಪತ್ರೆಗೆ ಬಂದು, ಹುಟ್ಟುತ್ತಲೇ ಪ್ರಾಣಸಂಕಟಕ್ಕೆ ಬೀಳುವ ಕೂಸುಗಳ ಚಿಕಿತ್ಸೆಯನ್ನು ಕಲಿಸಲು ಅದು ಸರ್ವಥಾ ಯೋಗ್ಯವೆಂದು ಒಪ್ಪಿ ಹೋಯಿತು. ಅಲ್ಲಿ ಕಲಿಯುವವರಿದ್ದಾರೆ, ಕಲಿಸುವವರಿಲ್ಲ. ಇದು ನಿಮಗೆ ಗೊತ್ತಿರಲಿಲ್ಲವೆಂದು ನಂಬಲು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಸಿಟ್ಟು ಬಂದಾಗ ನನಗೆ ಇಂಗ್ಲಿಷ್ ಕೈಕೊಡುತ್ತದೆ. ಅನುವಾದ ಮಾಡಿಸಿಕೊಳ್ಳಿ, ನಿಮ್ಮ ಕಚೇರಿಯಲ್ಲಿ ಜನಕ್ಕೇನು ಬರ?

ನಾನು ಡಾಕ್ಟರಲ್ಲ. ರೈಲ್ವೆಯ ಟಿಕೆಟ್ ಕೌಂಟರಿನಲ್ಲಿ ಸರ್ವಿಸ್ ಮುಗಿಸಿದವಳು. ಕಿಟಕಿಯಾಚೆ ನಿಂತವರು ಸ್ಟೇಷನ್ನಿಗೆ ಹೊಸಬರೋ ಹಳಬರೋ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಅನುಮಾನ ಆ ನೌಕರಿಯಲ್ಲೇ ಅಂಟಿಕೊಂಡ ಗುಣ. ಮನೆಯಲ್ಲಿ ಅದಕ್ಕಾಗಿ ದಿನಾ ಬೈಸಿಕೊಳ್ಳುತ್ತೇನೆ.

ನನ್ನ ಮಗಳು ಶ್ರೀಯಾಳಿಗೆ ಏಳನೇ ತಿಂಗಳಿಗೇ ಹೆರಿಗೆಯಾಯಿತು. ಅಂಗೈಯಷ್ಟಿದ್ದ ಹೆಣ್ಣು ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಸಿರಾಟದ ಯಂತ್ರ ಹಾಕಿದರು. ಅಂದಿನಿಂದ ಆ ಘಟಕದ ಬಾಗಿಲ ಮುಂದಿನ ಬೆಂಚೇ ನನ್ನ ಮನೆ. ಒಳಗೆ ಹೋಗುವವರು ಯಾರೇ ಆಗಲಿ, ನನ್ನ ಪಕ್ಕದ ಸ್ಟ್ಯಾಂಡಿನಲ್ಲಿ ಚಪ್ಪಲಿ ಬಿಟ್ಟು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಅಲ್ಲಿಟ್ಟಿರುವ ನೀಲಿ ರಬ್ಬರ್ ಚಪ್ಪಲಿ ಮೆಟ್ಟಿಯೇ ಹೋಗಬೇಕು. ನೆಲ ಒರೆಸುವಾಕೆಗೂ ಇದೇ ಕಟ್ಟಳೆ. ಗೋಡೆಯ ಬೋರ್ಡಿನಲ್ಲಿ ಎಲ್ಲರಿಗಿಂತ ಮೇಲೆ ವಿಭಾಗದ ಮುಖ್ಯಸ್ಥರಾದ ಪ್ರೊಫೆಸರರ ಹೆಸರಿದೆ. ಅವರ ಷೂ ಮಾತ್ರ ಆ ಸ್ಟ್ಯಾಂಡಿನಲ್ಲಿ ನಾನು ಕಂಡದ್ದಿಲ್ಲ. ಹಗಲು ರಾತ್ರಿ ಅಲ್ಲಿ ಕಾಣುತ್ತಿದ್ದದ್ದು ಡಾಕ್ಟರ್ ಚಿನ್ಮಯಿಯ ಸವೆದ ಸ್ಯಾಂಡಲ್. ಧಾರವಾಡದ ಹುಡುಗಿ. ಮಕ್ಕಳ ವೈದ್ಯೆಯಾಗಿ, ಮೇಲೆ ಈ ವಿದ್ಯೆಯನ್ನೂ ಕಲಿಯಲು ಬಂದವಳು. ನನ್ನ ಮೊಮ್ಮಗಳ ಉಸಿರು ಏರುಪೇರಾದಾಗಲೆಲ್ಲ ಅವಳು ವರಾಂಡಕ್ಕೆ ಓಡಿಬಂದು, ಬೇರೆ ಊರಿನಲ್ಲಿರುವ ತನ್ನ ಸೀನಿಯರಿಗೆ ಮೊಬೈಲಿನಲ್ಲಿ ಕೇಳುತ್ತಿದ್ದಳು. ಮೂರು ಗೇಣಿನಾಚೆ ಬೋರ್ಡಿನಲ್ಲೇ ಪ್ರೊಫೆಸರಿರುವಾಗ ಇದೇಕೆ ಫೋನು ಎಂದು ನಾನು ಯೋಚಿಸುತ್ತಿದ್ದೆ.

ನೀವು ಬರುವ ಹಿಂದಿನ ದಿನವೇ ಆಸ್ಪತ್ರೆಗೆ ಮದುವೆಮನೆಯ ಕಳೆ ಬಂತು. ಅಚಾನಕ್ ತಪಾಸಣೆಯಂತೆ! ಲಿಫ್ಟಿನಲ್ಲಿ ಎರಡು ಉಸಿರಾಟದ ಯಂತ್ರಗಳು ಬಂದವು. ಅವುಗಳ ಮೈಮೇಲೆ ಬೇರೆ ಆಸ್ಪತ್ರೆಯ ಹೆಸರಿನ ಚೀಟಿ ಕೆರೆದು ಕಿತ್ತ ಗುರುತು. "ಪ್ರೊಫೆಸರ್ ದಿನಾ ಬಂದು ನೋಡ್ತಾರೆ ಅಂತ ಹೇಳಿ ಅಮ್ಮಾ" ಎಂದು ನರ್ಸಮ್ಮ ತಾಯಂದಿರಿಗೆಲ್ಲ ಪಾಠ ಹೇಳಿಕೊಟ್ಟಳು. ಮರುದಿನ ಬೆಳಿಗ್ಗೆ, ಇಸ್ತ್ರಿ ಮುರಿಯದ ಬಿಳಿ ಕೋಟಿನ ಒಬ್ಬರು ನನ್ನೆದುರು ನಿಂತು ಅತ್ತಿತ್ತ ನೋಡಿದರು.

"ಷೂ ಎಂಗ ವಿಡಣುಂ ಅಮ್ಮಾ?" ಎಂದು ಬಹಳ ವಿನಯದಿಂದಲೇ ತಮಿಳಿನಲ್ಲಿ ಕೇಳಿದರು. ಷೂ ಎಲ್ಲಿ ಬಿಡಬೇಕು ಅಂತ. ಕೋಟಿನ ಮೇಲೆ ಬೋರ್ಡಿನ ಹೆಸರೇ ಇತ್ತು.

ನಾನು ಸ್ಟ್ಯಾಂಡು ತೋರಿಸಿದೆ. ಷೂ ಬಿಟ್ಟವರು ನೇರವಾಗಿ ಎದುರಿನ ಬಾಗಿಲು ತೆರೆದರು. ಅದು ತಾಯಂದಿರು ಹಾಲು ಹಿಂಡುವ ಕೋಣೆ. ಒಳಗಿಂದ ಎದ್ದ ಕೂಗಿಗೆ ಮಹಾಶಯರು ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. ನಿಮ್ಮ ತಪಾಸಕರು ಅಲ್ಲೇ, ಅವರ ಬೆನ್ನ ಹಿಂದೆಯೇ ಇದ್ದರು ಸ್ವಾಮಿ. ಒಬ್ಬರು ನಕ್ಕರು, ಇನ್ನೊಬ್ಬರು ಗಡಿಯಾರ ನೋಡಿಕೊಂಡರು. ತನ್ನ ವಿಭಾಗದ ಬಾಗಿಲೇ ಗೊತ್ತಿಲ್ಲದ ಮುಖ್ಯಸ್ಥರನ್ನು ಕಂಡು ಅವರಿಗೆ ಏನೂ ಅನ್ನಿಸಲಿಲ್ಲವೇ? ಅನ್ನಿಸಿದ್ದರೆ ಆ ಅನಿಸಿಕೆ ನಿಮ್ಮ ವರದಿಯಲ್ಲಿ ಎಲ್ಲಿ ಹೋಯಿತು? ಬರುವ ದಿನವನ್ನು ಆಸ್ಪತ್ರೆಗೆ ತಿಳಿಸಿದವರು ಯಾರು? ಸಂಜೆ ಯಂತ್ರಗಳು ಹೋದವು, ಕೋಟೂ ಹೋಯಿತು.

ಆವತ್ತೇ ಬರೆಯಲು ಕೂತೆ. ಚಿನ್ಮಯಿ ಕೈಮುಗಿದಳು. "ಬರೀಬ್ಯಾಡ್ರಿ ಅಮ್ಮಾರ. ಸೀಟು ರದ್ದಾತಂದ್ರ ನಾ ಕಲ್ತದ್ದೆಲ್ಲಾ ನೀರಾಗ ಹೋಮ ಮಾಡಿದಂಗ." ಅವಳ ಮುಖ ನೋಡಿ ಕಾಗದ ಮಡಿಸಿಟ್ಟೆ.

ಹೋದ ಭಾನುವಾರ ಮಧ್ಯಾಹ್ನ ಪಕ್ಕದ ಪೆಟ್ಟಿಗೆಯ ಗಂಡು ಕೂಸು ಇದ್ದಕ್ಕಿದ್ದಂತೆ ನೀಲಿಗಟ್ಟಿತು. ಶ್ವಾಸಕೋಶದಿಂದ ಗಾಳಿ ಸೋರಿ ಎದೆಯೊಳಗೆ ತುಂಬಿಕೊಂಡಿತ್ತಂತೆ. ಸೂಜಿ ಚುಚ್ಚಿ ಕೂಡಲೇ ತೆಗೆಯಬೇಕು. ಆ ಸೀನಿಯರ್ ಫೋನ್ ಎತ್ತಲಿಲ್ಲ. ಚಿನ್ಮಯಿ ಒಬ್ಬಳೇ ಚುಚ್ಚಿದಳು, ಗಾಳಿಯೂ ಬಂತು, ಕೂಸು ಉಳಿಯಲಿಲ್ಲ. ಗುರು ಇದ್ದಿದ್ದರೆ ಉಳಿಯುತ್ತಿತ್ತೇ? ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಅದರ ತಾಯಿ ಲಕ್ಷ್ಮೀ ಹಿಂಡಿದ ಹಾಲಿನ ಬಟ್ಟಲು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಅಯ್ಯೋ, ಅದನ್ನು ನೋಡಲಾಗಲಿಲ್ಲ.

ಆಮೇಲೆ ಚಿನ್ಮಯಿ ನನ್ನ ಬೆಂಚಿಗೆ ಬಂದು ಕೂತಳು. "ಪುಸ್ತಕದಾಗ ಹತ್ತ ಸಲ ಓದೀನ್ರಿ. ಕೈ ಹಿಡಿದು ತೋರ್ಸಿದವ್ರು ಒಬ್ರೂ ಇಲ್ಲ" ಎಂದಳು. ಬಹಳ ಹೊತ್ತು ಅತ್ತು, "ಬರೀರಿ ಅಮ್ಮಾರ. ನನ್ನ ಹೆಸರೂ ಹಾಕ್ರಿ" ಎಂದಳು.

ಹಾಕಿದ್ದೇನೆ. ಈಗ ನೀವು ಮಾಡುವುದು ನನಗೆ ಗೊತ್ತು: ಸೀಟು ರದ್ದುಮಾಡಿ, ಹುಡುಗಿಯನ್ನು ಮನೆಗೆ ಕಳಿಸಿ, ಕಠಿಣ ಕ್ರಮ ಕೈಗೊಂಡೆವೆಂದು ಪ್ರಕಟಣೆ ಕೊಡುತ್ತೀರಿ. ಹಾಗಾದರೆ ಅಲ್ಲಿ ಚಿನ್ಮಯಿಯೂ ಇರುವುದಿಲ್ಲ. ನನ್ನ ಬೇಡಿಕೆ ಅದಲ್ಲ. ಸೀಟು ಮುಟ್ಟಬೇಡಿ. ಕೂಸಿನ ಪಕ್ಕದಲ್ಲಿ ನಿಂತು ಕಲಿಸುವ ಗುರುವನ್ನು ಈ ವಾರವೇ ಆ ಆಸ್ಪತ್ರೆಯವರಿಂದ ನೇಮಕ ಮಾಡಿಸಿ. ಅದು ಆಗದಿದ್ದರೆ, ಗುರುವಿರುವ ಆಸ್ಪತ್ರೆಗೆ ಅವಳನ್ನು ವರ್ಗಾಯಿಸಿ, ಅವಳ ಹಿಂದೆಯೇ ನಮ್ಮ ಕೂಸುಗಳನ್ನೂ ಕಳಿಸಿ. ಆಮೇಲೆ ಯಾರಿಗೂ ಹೇಳದೆ, ಕಾರು ಗೇಟಿನಾಚೆಯೇ ಬಿಟ್ಟು, ನೀವೇ ಒಮ್ಮೆ ಬನ್ನಿ. ನನ್ನ ಮೊಮ್ಮಗಳು ಇನ್ನೂ ಒಳಗೇ ಇದ್ದಾಳೆ, ಆದ್ದರಿಂದ ನಾನೂ ಎಲ್ಲಿಗೂ ಹೋಗುವುದಿಲ್ಲ. ದಾರಿ ಗೊತ್ತಾಗದಿದ್ದರೆ ಸಂಕೋಚ ಬೇಡ. ಷೂ ಎಲ್ಲಿ ಬಿಡಬೇಕೆಂದು ನಿಮಗೂ ನಾನೇ ತೋರಿಸುತ್ತೇನೆ.

ಇಂತಿ,
ನಿಮ್ಮ ಮೊಹರನ್ನು ನಂಬಿ ಕೂಸನ್ನು ಒಳಗೆ ಕಳಿಸಿದ
ಕಲಾವತಿ ವಿಶ್ವನಾಥ
ಕಾಯಂ ವಿಳಾಸ: ವೇಲಚೇರಿ, ಚೆನ್ನೈ
ಸದ್ಯದ ವಿಳಾಸ: ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಬೆಂಚು